ಹನ್ನೆರಡು ಗಂಟೆಗೆ ಬರಬೇಕಾಗಿದ್ದ ಫೋನು

ಹನ್ನೊಂದು ದೇಶದ ರಾಯಭಾರಿಗಳಿಗೆ ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವಳು ನಾನು ಕಣೇ, ಮಂಜುಶ್ರೀ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳುತ್ತೇನೆ. ಹನ್ನೊಂದಲ್ಲ, ಇಬ್ಬರು. ಅದರಲ್ಲೂ ಒಬ್ಬಳು ರಾಯಭಾರಿಯ ಹೆಂಡತಿ, ಇನ್ನೊಬ್ಬ ಆಕೆಯ ಕಾರಿನ ಡ್ರೈವರ್. ಮುದ್ದೆ ಮಾತ್ರ ಪೂರ್ತಿ ನಿಜ. ಇಲ್ಲೇ ದಟ್ಟಗಳ್ಳಿಯ ಗಿರಣಿಯಲ್ಲಿ ಬೀಸಿಸಿದ ಹಿಟ್ಟನ್ನು ಪೆಟ್ಟಿಗೆಗೆ ತುಂಬಿಕೊಂಡು ಮಗಳಿರುವ ದೇಶಕ್ಕೆ ಹೋಗಿದ್ದೆ, ವಿಮಾನದವರು ಅದನ್ನು ಮೂಸಿ ಮೂಸಿ ನೋಡಿದ್ದರು. ನೀನು ಮೇಲಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ನನ್ನ ಮಗಳು ಮಾಲಾ ಪಾಸಾದ ಆ ದೊಡ್ಡ ಪರೀಕ್ಷೆಗೇ ಓದುವವಳು, ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ "ಅಜ್ಜಿ, ಮಾಲಾ ಅಕ್ಕ ಎಂಬೆಸೀಲಿ ದಿನಾ ಏನ್ ಮಾಡ್ತಾರೆ?" ಎಂದು ಕೇಳುತ್ತೀಯ. ನಾನು ಮುದ್ದೆಯ ಕಥೆ ಹೇಳಿ ನಗಿಸಿ ಕಳಿಸುತ್ತೇನೆ. ಇವತ್ತು ಮುದ್ದೆ ಬೇಡ. ಕೂತುಕೋ. ಇಲವಾಲಕ್ಕೆ ಹೋಗಿಬಂದ ದಿನದ ವಿಷಯ ಹೇಳುತ್ತೇನೆ. ಒಂದು ವರ್ಷದಿಂದ ಅದನ್ನು ಯಾರಿಗೂ ಹೇಳಿಲ್ಲ, ಎಂದರೆ ನನ್ನಂಥವಳಿಗೆ ಅದೊಂದು ನೂರು ವರ್ಷ.

ಆವತ್ತು ಸಂಕ್ರಾಂತಿ ಕಳೆದು ಮೂರನೇ ದಿನ. ಬೆಳಿಗ್ಗೆ ಎಂಟೂವರೆಗೆ ಮಗಳ ಫೋನು ಬಂತು. ಅವಳಿರುವ ಮರಳಿನ ದೇಶದಲ್ಲಿ ಆಗ ಆರು ಗಂಟೆ. ಅಷ್ಟು ಹೊತ್ತಿಗೆ ಎದ್ದವಳೇ ಅಲ್ಲ ಅವಳು, ಹುಟ್ಟಿದ್ದು ಕೂಡ ಮಟಮಟ ಮಧ್ಯಾಹ್ನ.

"ಅಮ್ಮಾ, ತಿಂಡಿ ಆಯ್ತಾ?"

"ತಿಂಡಿ ಕೇಳೋಕೆ ಫೋನ್ ಮಾಡೋಳಲ್ಲ ನೀನು. ಏನು, ಹೇಳು."

"ಅಲ್ಲಿಂದ ಇಲವಾಲ ಎಷ್ಟು ದೂರ ಆಗುತ್ತೆ?"

ಲಿಂಗರಾಜು ಅಂತ ಒಬ್ಬ ಹುಡುಗ, ಮೂವತ್ತನಾಲ್ಕು ವರ್ಷ, ಇಲವಾಲದವನು, ಅಲ್ಲಿ ಒಂದು ಗೋಡೌನಿನಲ್ಲಿ ಕೆಲಸ. ಉಂಡು ಮಲಗಿದವನು ಏಳಲಿಲ್ಲ. ಪಾಸ್‌ಪೋರ್ಟಿನಲ್ಲಿ ಇರುವುದು ತಾಯಿಯ ಹೆಸರೊಂದೇ, ಪುಟ್ಟಲಿಂಗಮ್ಮ. ತಂದೆ ಇಲ್ಲ, ಮದುವೆ ಆಗಿಲ್ಲ. ಡಾಕ್ಟರ ಕಾಗದ ಮಾಲಾಳ ಕೈಗೆ ಬರುವುದು ನಮ್ಮ ಹನ್ನೊಂದೂವರೆಗೆ. ಅದು ಬರದೆ ಅವಳು ಬಾಯಿ ಬಿಡುವ ಹಾಗಿಲ್ಲ. ಅವನ ರೂಮಿನವರು ಊರಿಗೆ ಸುದ್ದಿ ಹಾಕದ ಹಾಗೆ ಹನ್ನೆರಡರವರೆಗೆ ಹೇಗೋ ಹಿಡಿದಿಟ್ಟಿದ್ದಾಳೆ.

"ಹನ್ನೆರಡಕ್ಕೆ ಸರಿಯಾಗಿ ಆಯಮ್ಮನಿಗೆ ಫೋನ್ ಮಾಡ್ತೀನಿ. ಅಷ್ಟರೊಳಗೆ ನೀನು ಹೋಗಿ ಪಕ್ಕದಲ್ಲಿ ಕೂತಿರು."

"ಕೂತು?"

"ಸುಮ್ನೆ ಕೂತಿರಮ್ಮ. ಒಲೆ ಮೇಲೆ ಏನೂ ಇಲ್ದಂಗೆ ನೋಡ್ಕೋ. ನೀನ್ಯಾರು ಅಂತ ಹೇಳ್ಬೇಡ. ಏನೂ ಹೇಳ್ಬೇಡ. ಹೇಳೋದು ನನ್ನ ಕೆಲಸ."

"ಬಾಯಿ ಮುಚ್ಕೊಂಡು ಕೂರೋ ಕೆಲಸಕ್ಕೆ ನನ್ನನ್ನ ಕಳಿಸ್ತೀಯಲ್ಲೇ, ಇಡೀ ಮೈಸೂರಲ್ಲಿ ಬೇರೆ ಯಾರೂ ಸಿಗ್ಲಿಲ್ವಾ?"

"ಸಿಗ್ಲಿಲ್ಲ" ಎಂದಳು. ನಗಲಿಲ್ಲ.

ಒಲೆಯ ಮಾತು ಯಾಕೆ ಬಂತೆಂದು ನನಗೆ ಗೊತ್ತಿತ್ತು. ಅದಕ್ಕೂ ಹಿಂದಿನ ವರ್ಷ, ನಾನು ಎಂಟು ತಿಂಗಳು ಅವಳ ಜೊತೆ ಇದ್ದೆನಲ್ಲ, ಆಗ ಒಂದು ಮಧ್ಯಾಹ್ನ ಆಫೀಸಿನಿಂದ ಬಂದು ಚಪ್ಪಲಿ ಕೂಡ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಅನ್ನಕ್ಕಿಟ್ಟಿದ್ದೆ. ಕುಕ್ಕರು ಕೂಗಿತು. ಅವಳು ಓಡಿಬಂದು ಒಲೆ ಆರಿಸಿ, ಇನ್ನು ಮೇಲೆ ಅನ್ನವನ್ನು ಪಾತ್ರೆಯಲ್ಲಿ ಮಾಡಮ್ಮ ಎಂದಳು. ಬೆಳಿಗ್ಗೆ ಯಾವುದೋ ಊರಿನ ಹೆಂಗಸೊಬ್ಬಳಿಗೆ ಗಂಡ ಹೋದ ಸುದ್ದಿ ಹೇಳಿದ್ದಳಂತೆ. ಆ ಕಡೆಯಿಂದ ಅಳುವಿಲ್ಲ, ಮಾತಿಲ್ಲ, ಫೋನು ಇಟ್ಟ ಸದ್ದೂ ಇಲ್ಲ. ಕುಕ್ಕರು ಕೂಗುತ್ತಿತ್ತು, ಅಷ್ಟೇ. ಒಂದು, ಎರಡು, ಏಳು, ಎಂಟು. ಯಾರೂ ಆರಿಸಲಿಲ್ಲ. ಮಾಲಾ ಈ ಕಡೆಯಿಂದ ಅಮ್ಮಾ ಅಮ್ಮಾ ಎಂದು ಕರೆಯುತ್ತಲೇ ಇದ್ದಳಂತೆ. ಆಮೇಲಿಂದ ಇಂಥ ಫೋನು ಮಾಡುವ ಮೊದಲು ಆ ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಇರುವ ಹಾಗೆ ನೋಡುತ್ತಾಳೆ, ಮೇಷ್ಟ್ರನ್ನೋ ನರ್ಸನ್ನೋ ಹುಡುಕಿ. ಸ್ವಂತ ತಾಯಿಯನ್ನು ಕಳಿಸುವುದು ಕಾನೂನಿನಲ್ಲಿ ಇಲ್ಲ. ಮನೆಯವರಿಗಿಂತ ಮೊದಲು ಹೊರಗಿನವಳಿಗೆ ಸಾವು ತಿಳಿಸಿದ್ದಾಳೆ ಎಂದು ಮೇಲಿನವರಿಗೆ ಗೊತ್ತಾದರೆ ಅವಳ ಕೈಗೆ ವಿಚಾರಣೆಯ ಕಾಗದ ಬರುತ್ತದೆ. ಅವಳು ಅದನ್ನು ಹೇಳಲಿಲ್ಲ. ನಾನೇ ತಿಳಿದುಕೊಂಡೆ. ಸೀರೆ ಉಡುವಾಗ ನೆರಿಗೆ ಕೈಯಲ್ಲಿ ನಿಲ್ಲಲಿಲ್ಲ, ಸಾವಿರ ಸಲ ಬಿಚ್ಚಿ ಉಟ್ಟೆ. ನಾಲ್ಕು ಸಲ ಎಂದಿಟ್ಟುಕೋ.

ಎದುರುಮನೆಯ ಶಾಮಣ್ಣನ ಆಟೋ ಹತ್ತಿದೆ. ರಿಂಗ್ ರೋಡು ಮುಟ್ಟುವುದರೊಳಗೆ ಅವನು ಮೂರು ಸಲ ಕನ್ನಡಿಯಲ್ಲಿ ನೋಡಿದ. "ಏನ್ ತಿಮ್ಮಮ್ಮಾರೆ, ಇವತ್ತು ರೇಡಿಯೋ ಬಂದ್ ಆಗದೆ? ಬ್ಯಾಟ್ರಿ ಓಯ್ತಾ?" ಎಂದ. "ರಸ್ತೆ ನೋಡ್ಕೊಂಡು ಓಡ್ಸೋ" ಎಂದೆ. ಹುಣಸೂರು ರಸ್ತೆಯಲ್ಲಿ ಗಾಳಿ ತಣ್ಣಗಿತ್ತು. ಅಪ್ಪನ ನೆನಪಾಯಿತು. ನಮ್ಮಪ್ಪ ಸಣ್ಣಮಾದಯ್ಯ. ಊರಿನ ದೊಡ್ಡ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿರುವ ಊರುಗಳಿಗೆ ನಡೆದು ಹೋಗಿ ಸಾವು ಹೇಳಿ ಬರುವುದು ನಮ್ಮ ಕೇರಿಯವರ ಪಾಲಿಗೆ ಬಂದ ಕೆಲಸ. ಅಪ್ಪ ಅಂಗಳದ ಆಚೆ ನಿಂತು "ಬುದ್ಧೀ" ಎಂದು ಕೂಗುತ್ತಿದ್ದ. ಮೊದಲು "ಅವ್ವಾರಿಗೆ ಒಸಿ ಹುಷಾರಿಲ್ಲ" ಎನ್ನುತ್ತಿದ್ದ. ಆಮೇಲೆ "ಜಾಸ್ತಿನೇ ಆಗದೆ" ಎನ್ನುತ್ತಿದ್ದ. ಮೂರನೆಯ ಮಾತು ಅವನು ಹೇಳಬೇಕಾಗಿಯೇ ಇರಲಿಲ್ಲ, ಒಳಗೆ ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಯಾರೋ ಬಂದು ಅವನ ಬೊಗಸೆಗೆ ಮೇಲಿನಿಂದ ನೀರು ಹುಯ್ಯುತ್ತಿದ್ದರು. ಕೊನೆಕೊನೆಗೆ ಎತ್ತು ನೋಡಲೆಂದು ಆ ಊರುಗಳಿಗೆ ಹೋದರೂ ಅವನ ಮುಖ ಕಂಡರೆ ಸಾಕು, ಯಾರು ಹೋದರು ಎಂದು ಮಕ್ಕಳು ಮನೆಯೊಳಗೆ ಓಡುತ್ತಿದ್ದವಂತೆ. ಅದನ್ನು ಅವನು ನಗುತ್ತಾ ಹೇಳುತ್ತಿದ್ದ, ನಾವೂ ನಗುತ್ತಿದ್ದೆವು. ಮಾಲಾ ಓದಿ ಪಾಸಾದಾಗ ಕೋರ್ಟಿನಲ್ಲಿ ಜಡ್ಜಿಯ ಬಾಗಿಲು ಕಾಯುವ ದಫೇದಾರರಾಗಿದ್ದ ನಮ್ಮ ಯಜಮಾನರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಅವಳು ಕೂತ ಕುರ್ಚಿಯ ಹಿಂದೆ ಬಾವುಟ ಇರುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ. ಆ ಕುರ್ಚಿಯಲ್ಲಿ ಕೂತು ಒಂದು ದಿನ ಅವಳು ಸತ್ತವನೊಬ್ಬನ ಸಾಮಾನಿನ ಪಟ್ಟಿ ಬರೆಯುತ್ತಿದ್ದಳು: ಪ್ಯಾಂಟು ನಾಲ್ಕು, ಶರಟು ಆರು, ಒಡೆದ ಮೊಬೈಲು ಒಂದು, ಉಪ್ಪಿನಕಾಯಿ ಬಾಟಲಿ ಒಂದು, ಅರ್ಧ. ನಾನು ತಮಾಷೆಗೆ, "ಇಷ್ಟೆಲ್ಲ ಓದಿ ನಿಮ್ಮ ತಾತನ ಕೆಲಸಕ್ಕೇ ಬಂದ್ಯಲ್ಲೇ" ಎಂದುಬಿಟ್ಟೆ. ಅವಳು ಪೆನ್ನು ನಿಲ್ಲಿಸಲಿಲ್ಲ. "ವ್ಯತ್ಯಾಸ ಇದೆಯಮ್ಮ. ತಾತ ಬಾಗಿಲಾಚೆ ನಿಂತು ಹೇಳ್ತಿದ್ರು. ನಾನು ಮುಖನೇ ನೋಡ್ದೆ ಹೇಳ್ತೀನಿ" ಎಂದಳು. ಆಮೇಲೆ, ನನಗೆ ಬೇಸರವಾಯಿತೆಂದೋ ಏನೋ, ತಾತನ ಹಾಗೆ ಸುತ್ತಿ ಬಳಸಿ ಹೇಳುವುದು ತಪ್ಪು, ಮೊದಲ ಮಾತಿನಲ್ಲೇ ನೆಟ್ಟಗೆ ಹೇಳಬೇಕು, ಹುಷಾರಿಲ್ಲ ಎಂದರೆ ಜನ ಆಸೆ ಇಟ್ಟುಕೊಳ್ಳುತ್ತಾರೆ ಎಂದು ಪಾಠ ಮಾಡಿದಳು. "ಬೇರೆ ಎಲ್ಲದರಲ್ಲೂ ನಾವು ಸುತ್ತಿ ಬಳಸೇ ಬರೆಯೋದು. ಆ ದೇಶದವರ ಮೇಲೆ ಕೆಂಡದಂಥ ಕೋಪ ಇದ್ರೂ ಕಾಗದದ ಕೊನೇಲಿ ತಮ್ಮ ಮೇಲೆ ಪರಮ ಗೌರವ ಇದೆ ಅಂತ ಬರೀಲೇಬೇಕು. ಇದೊಂದರಲ್ಲಿ ಮಾತ್ರ ಹಂಗಿಲ್ಲ."

ಇಲವಾಲದಲ್ಲಿ ಶಾಮಣ್ಣನನ್ನು ಬಸ್‌ಸ್ಟಾಪಿನಲ್ಲೇ ನಿಲ್ಲಿಸಿ ನಾನೊಬ್ಬಳೇ ನಡೆದೆ. ಮನೆ ಕೇಳುವುದಕ್ಕೂ ಭಯ. ಯಾರನ್ನು ಕೇಳಿದರೂ ಅವರು ನನ್ನ ಮುಖ ನೋಡಿ ಎದೆ ಹಿಡಿದುಕೊಳ್ಳುತ್ತಾರೆ ಎನ್ನಿಸುತ್ತಿತ್ತು. ಅಂಗಡಿಯವನು ನೋಡಲೂ ಇಲ್ಲ, ಕೈ ತೋರಿಸಿದ. ಮಗನ ಸಂಬಳದಲ್ಲಿ ಕಟ್ಟಿಸುತ್ತಿದ್ದ ಮನೆಯಿರಬೇಕು, ಕೆಳಗೆ ಬಣ್ಣ ಆಗಿತ್ತು, ಮೇಲೆ ಕಂಬಿಗಳು ಆಕಾಶಕ್ಕೆ ನಿಂತಿದ್ದವು. ಜಗುಲಿಯಲ್ಲಿ ಹಣೆಗೆ ವಿಭೂತಿ ಇಟ್ಟ ಹೆಂಗಸು, ನನಗಿಂತ ಐದಾರು ವರ್ಷ ಚಿಕ್ಕವಳು, ನೆನೆಹಾಕಿದ ಅವರೆಕಾಳನ್ನು ಪಾತ್ರೆಯಲ್ಲಿಟ್ಟುಕೊಂಡು ಹಿದುಕುತ್ತಿದ್ದಳು. ಕಾಳು ಎರಡು ಬೆರಳ ನಡುವಿನಿಂದ ಚಿಮ್ಮಿ ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ನಾನು ಅಂಗಳದ ಆಚೆ ನಿಂತುಬಿಟ್ಟಿದ್ದೆ. ಗೇಟು ತೆಗೆದೇ ಇತ್ತು, ಕಾಲು ಒಳಗೆ ಹೋಗಲಿಲ್ಲ.

"ಯಾರ್ ಬೇಕಾಗಿತ್ತವ್ವ? ಬಿಸ್ಲಲ್ಲಿ ಯಾಕ್ ನಿಂತ್ಕೊಂಡ್ರಿ, ಬನ್ನಿ ಒಳಕ್ಕೆ."

ಇಲ್ಲೆಲ್ಲೋ ಸೈಟು ಮಾರುವುದಿದೆಯಂತೆ, ನೋಡಲು ಬಂದೆ, ಕಾಲು ಸೋತಿತು ಎಂದೆ. ಬೆಳಿಗ್ಗೆಯಿಂದ ಕಟ್ಟಿಕೊಂಡ ಸುಳ್ಳು ಅದೊಂದೇ, ಚೆನ್ನಾಗಿಯೇ ಕೂತಿತು. ಅವಳು ನಕ್ಕಳು. ನಮ್ಮೂರಲ್ಲಿ ಈಗ ದನಕ್ಕಿಂತ ಸೈಟು ನೋಡುವವರೇ ಜಾಸ್ತಿ ಎಂದಳು. ನಾನು ಜಗುಲಿಯ ತುದಿಯಲ್ಲಿ ಕೂತೆ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹತ್ತು. ನಿಮ್ಮದು ಯಾವ ಪೈಕಿ ಎಂದು ಕೇಳಿದಳು, ಎಲ್ಲರೂ ಜಾತಿ ಕೇಳುವ ಹಾಗೆ, ಕಾಳಿನ ಮೇಲಿನ ಕಣ್ಣು ತೆಗೆಯದೆ. ನಾನು "ಮೈಸೂರಿನ ಪೈಕಿ" ಎಂದೆ. ಇಂಥ ಉತ್ತರವನ್ನು ಯಾರು ಕೊಡುತ್ತಾರೆಂದು ಇಬ್ಬರಿಗೂ ಗೊತ್ತು. ಅವಳು ಎದ್ದಳು. ಒಳಗೆ ಹೋಗಿ ಕಾಫಿ ತಂದಳು. ಪೇಪರ್ ಲೋಟದಲ್ಲಿ. ಅವಳ ಪಕ್ಕದಲ್ಲೇ ಅವಳು ಕುಡಿದಿಟ್ಟ ಸ್ಟೀಲ್ ಲೋಟ ಇತ್ತು. ಬಂದವರಿಗೆಲ್ಲ ಹಾಗೆ ಕೊಡುತ್ತಾಳೋ ಏನೋ, ತೊಳೆಯುವ ಕಷ್ಟ ಯಾಕೆಂದು ಈಗ ಎಲ್ಲರ ಮನೆಯಲ್ಲೂ ಒಂದು ಕಟ್ಟು ತಂದಿಟ್ಟಿರುತ್ತಾರೆ, ನನ್ನ ಮನೆಯಲ್ಲೇ ಇಲ್ಲವೇ. ಇಷ್ಟನ್ನೂ ನಾನು ಅವತ್ತೇ ಅಂದುಕೊಂಡೆ. ಅಂದುಕೊಂಡರೂ ಆ ಕಾಗದದ ಬಿಸಿ ಬೆರಳಿಗೆ ತಾಗಿದಾಗ ಅಪ್ಪನ ಬೊಗಸೆ ಕಂಡಿತು. ಮಗ ಸತ್ತಿರುವುದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು, ಪಾಪ ಎಂದುಕೊಂಡು ಬಂದ ಎದೆಯಲ್ಲಿ ಪಾಪ ಎನ್ನುವುದು ಒಂದು ಕ್ಷಣ ಇಲ್ಲವಾಯಿತು. ಅದನ್ನು ನಿನಗೆ ಮುಚ್ಚಿಡುವುದಿಲ್ಲ.

ಆಮೇಲೆ ನನ್ನ ಬಾಯಿ ಅದರ ಪಾಡಿಗೆ ಅದು ಹೊರಟಿತು. ಅಲ್ಲಿ ಒಂದು ಸಲ ಮಾಲಾಳ ಮನೆಯ ಊಟಕ್ಕೆ ಒಬ್ಬ ಅತಿಥಿ ಕೈಕೊಟ್ಟಾಗ ಖಾಲಿ ಕುರ್ಚಿ ಕಾಣಬಾರದೆಂದು ನನ್ನನ್ನು ಕೂರಿಸಿದ್ದಳು, ಮುಂದೆ ಹೆಸರಿನ ಚೀಟಿ ಇಟ್ಟು. ಪಕ್ಕದ ದೊರೆ ನಿಮ್ಮ ಯಜಮಾನರು ಏನಾಗಿದ್ದರು ಎಂದು ಕೇಳಿದ. ಕೋರ್ಟಿನಲ್ಲಿ ಇದ್ದರು ಎಂದು ಮಾಲಾ ಹೇಳಿದಳು. ಊಟ ಮುಗಿಯುವವರೆಗೂ ಆತ ನನ್ನನ್ನು ಜಡ್ಜಿಯ ಹೆಂಡತಿ ಎಂದೇ ನಡೆಸಿಕೊಂಡ. ಅವರೆಲ್ಲ ಹೋದ ಮೇಲೆ ಅವಳು, "ಅರ್ಧ ಸುಳ್ಳು ಹೇಳೋದು ನಿನ್ನಿಂದ್ಲೇ ಕಲ್ತಿದ್ದಮ್ಮ. ಸರ್ಕಾರ ಅದಕ್ಕೇ ಸಂಬಳ ಕೊಡ್ತಾ ಇದೆ" ಎಂದು ಬಿದ್ದು ಬಿದ್ದು ನಕ್ಕಿದ್ದಳು. ಇಲ್ಲಿ ಜಗುಲಿಯಲ್ಲಿ ಚೀಟಿ ಇಡುವವರು ಯಾರೂ ಇರಲಿಲ್ಲ. ನಾನೇ ಇಟ್ಟುಕೊಂಡೆ.

"ನನ್ನ ಮಗಳು ಫಾರಿನ್ನಲ್ಲಿ ದೊಡ್ಡ ಆಫೀಸರ್ ಕಣ್ರೀ. ಎಂಬೆಸೀಲಿ. ಅಲ್ಲಿರೋ ನಮ್ಮ ಜನಕ್ಕೆಲ್ಲ ಅವಳೇ ತಾಯಿ ತಂದೆ" ಎಂದೆ.

ಅವಳ ಬೆರಳು ನಿಂತಿತು. ಯಾವ ದೇಶ ಎಂದಳು. ಹೇಳಿದೆ. ಹೇಳಿದ ಮೇಲೆ ಗೊತ್ತಾಯಿತು, ಹೇಳಬಾರದಿತ್ತು ಎಂದು.

"ಅಯ್ಯೋ, ನಮ್ ಲಿಂಗರಾಜೂನೂ ಅಲ್ಲೇ ಇರೋದು!" ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದೇ ಬಿಟ್ಟಳು. ಒಳಗೆ ಹೋಗಿ ಸ್ಟೀಲ್ ಲೋಟದಲ್ಲಿ ಇನ್ನೊಂದು ಕಾಫಿ, ತಟ್ಟೆಯಲ್ಲಿ ಎಳ್ಳು ಬೆಲ್ಲ ತಂದಳು. ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು. "ಮೂರು ವರ್ಸ ಆಯ್ತು ಕಣವ್ವ ಅವ್ನ್ ಮೊಕ ನೋಡಿ. ಆ ಕಂಪ್ನಿಯೋರು ರಜಾ ಕೊಡಾಕಿಲ್ಲ ಅಂತರಂತೆ. ಪಿರಿಯಾಪಟ್ಣದಲ್ಲಿ ಒಂದ್ ಹೆಣ್ ನೋಡಿವ್ನಿ. ನಿಮ್ ಮಗ್ಳು ಒಂದ್ ಮಾತ್ ಹೇಳುದ್ರೆ ಆಗಾಕಿಲ್ವಾ?"

ಇಲ್ಲ, ಅದು ಅವಳ ಕೆಲಸವಲ್ಲ ಎನ್ನಬಹುದಿತ್ತು. ಕೇಳಿ ನೋಡುತ್ತೇನೆ ಎನ್ನಬಹುದಿತ್ತು. ಎದ್ದು ಬಸ್ಸಿಗೆ ಹೊತ್ತಾಯಿತು ಎನ್ನಬಹುದಿತ್ತು. ಆದರೆ ಅವಳು ನನ್ನ ಕೈ ಹಿಡಿದಿದ್ದಳು. ಅವರೆಯ ಸಿಪ್ಪೆ ಅಂಟಿದ ತಣ್ಣನೆಯ ಕೈ. ಆ ಮುಖ ಅಷ್ಟು ಹತ್ತಿರ ಇತ್ತು. ಹನ್ನೆರಡರವರೆಗೆ ಅದು ಹಾಗೇ ಇರಲಿ ಎನ್ನಿಸಿತೋ, ಪೇಪರ್ ಲೋಟ ಕೊಟ್ಟವಳು ನನ್ನ ಮುಂದೆ ಬೇಡುತ್ತಿದ್ದಾಳೆ ಎಂದು ಹಿಗ್ಗಾಯಿತೋ, ಎರಡನ್ನೂ ತೂಗಿ ತೂಗಿ ನನಗೆ ಒಂದು ವರ್ಷದಿಂದ ನಿದ್ದೆಯಿಲ್ಲ.

"ಒಂದ್ ಮಾತಾ? ನನ್ನ ಮಗಳು ಹೇಳಿದ್ರೆ ಇಲ್ಲ ಅನ್ನೋ ಕಂಪೆನಿ ಆ ದೇಶದಲ್ಲಿ ಹುಟ್ಟಿಲ್ಲ. ರಜಾ ಆಯ್ತು ಅಂತ್ಲೇ ತಿಳ್ಕೊಳ್ಳಿ" ಎಂದೆ.

ಅವಳು ಗೋಡೆಯ ಮೇಲಿನ ದೇವರಿಗೆ ಕೈ ಮುಗಿದಳು. ಮಗನ ಫೋಟೋ ತಂದು ತೋರಿಸಿದಳು, ಕಿವಿ ಸ್ವಲ್ಪ ಅಗಲ, ಹೊಸ ಶರಟಿನ ಮಡಿಕೆ ಎದೆಯ ಮೇಲೆ ಗೆರೆಯಾಗಿ ಕಾಣುತ್ತಿತ್ತು. ಆಮೇಲೆ ನಾನು ಬೇಡ ಬೇಡ ಎನ್ನುತ್ತಿದ್ದರೂ ಹೆಣ್ಣಿನ ಮನೆಗೆ ಫೋನು ಮಾಡಿದಳು. "ಹುಡ್ಗ ಬತ್ತಾವ್ನೆ, ಆಪೀಸರ್ ತಾಯಿನೇ ಮನೆಗ್ ಬಂದು ಹೇಳವ್ರೆ" ಎಂದು ಕೂಗಿ ಹೇಳಿದಳು. ಆ ಕಡೆ ಹೆಂಗಸರು ನಕ್ಕದ್ದು ನನಗೂ ಕೇಳಿಸಿತು. ಹನ್ನೊಂದು ಐವತ್ತು. ನಾನು ಪಾತ್ರೆಯನ್ನು ನನ್ನ ಕಡೆ ಎಳೆದುಕೊಂಡು ಅವರೆ ಹಿದುಕತೊಡಗಿದೆ. ಕಾಳು ಬೆರಳಿನಿಂದ ಜಾರಿ ಎಲ್ಲೆಲ್ಲೋ ಹಾರಿತು. "ಬುಡಿ, ನಿಮ್ಗ್ಯಾಕೆ" ಎಂದಳು. "ಹಿದುಕ್‌ಬೇಳೆ ಸಾರು ಅಂದ್ರೆ ಸಾಯ್ತಾನೆ ನಮ್ಮೋನು" ಎಂದಳು. ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಆಗ ನೆನಪಾಗಿ ಎದ್ದು ಒಳಗೆ ನುಗ್ಗಿದೆ. ಕೇಳದೆ ಆ ಮನೆಯ ಹೊಸ್ತಿಲು ದಾಟಿ ಅಡುಗೆಮನೆಯವರೆಗೂ ಹೋಗಿ ಒಲೆ ಆರಿಸಿದೆ. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಯಾಕವ್ವ ಆರ್ಸುದ್ರಿ?" "ಸೀದೋಗುತ್ತೆ" ಎಂದೆ. ಈಗ ಹೇಳಿಬಿಡಬೇಕು ಎನ್ನಿಸಿತು. ಮಗಳು ಬೇಡ ಎಂದಿದ್ದರೂ ಸರಿ, ಅಪ್ಪನ ಹಾಗೆ ಮೊದಲು ಹುಷಾರಿಲ್ಲ ಎನ್ನಬೇಕು, ಆಮೇಲೆ ಜಾಸ್ತಿಯಾಗಿದೆ ಎನ್ನಬೇಕು. "ಪುಟ್ಟಲಿಂಗಮ್ಮಾರೆ" ಎಂದೆ. ಅವಳ ಹೆಸರನ್ನು ಅವಳು ನನಗೆ ಹೇಳಿಯೇ ಇರಲಿಲ್ಲ. ಅದು ಅವಳಿಗೆ ಹೊಳೆಯಿತೋ ಇಲ್ಲವೋ, ಅಷ್ಟರಲ್ಲಿ ಜಗುಲಿಯಲ್ಲಿ ಫೋನು ಹೊಡೆದುಕೊಂಡಿತು. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ನನ್ನ ಮಗಳು ಜನ್ಮದಲ್ಲಿ ಒಂದೇ ಸಲ ಹೊತ್ತಿಗೆ ಮುಂಚೆ ಬಂದಳು.

"ಉದ್ದ ನಂಬರು! ರಜದ ವಿಸ್ಯಕ್ಕೇ ಇರ್ಬೇಕು" ಎಂದು ಪುಟ್ಟಲಿಂಗಮ್ಮ ಓಡಿ ಹೋಗಿ ಸ್ಪೀಕರ್ ಹಾಕಿದಳು, ನನಗೂ ಕೇಳಲಿ ಎಂದು.

"ನಮಸ್ಕಾರ. ಲಿಂಗರಾಜು ಅವರ ತಾಯಿ ಪುಟ್ಟಲಿಂಗಮ್ಮನವರು ಮಾತಾಡ್ತಿರೋದಾ? ನಾನು ಭಾರತೀಯ ರಾಯಭಾರ ಕಚೇರಿಯಿಂದ."

"ಊಂ ಕಣವ್ವ, ಗೊತ್ತಾಯ್ತು! ನಿಮ್ ತಾಯೋರು ಇಲ್ಲೇ ಅವ್ರೆ. ಬಂದು ಎಲ್ಲ ಹೇಳವ್ರೆ ನಂಗೆ."

ನಾನು ಬಾಯಿ ತೆರೆದೆ. ಏಳು ಊರಿಗೆ ಕೇಳುವ ನನ್ನ ಗಂಟಲಿನಿಂದ ಒಂದು ಉಸಿರು ಕೂಡ ಬರಲಿಲ್ಲ.

"ಅಮ್ಮ ಹೇಳಿದ್ರಾ" ಎಂದಳು ಮಾಲಾ. ಅವಳ ದನಿ ಇಳಿದುಹೋಗಿತ್ತು, ಹೊತ್ತ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗೆ. "ಇಷ್ಟು ಗಟ್ಟಿಯಾಗಿ ಮಾತಾಡ್ತಿದ್ದೀರಲ್ಲ ತಾಯಿ, ದೊಡ್ಡ ಧೈರ್ಯ ನಿಮ್ಮದು. ಕಾಗದ ಈಗ ಕೈಗೆ ಬಂತು. ಒಂದು ವಿಷಯ ನಿಮ್ಮನ್ನೇ ಕೇಳ್ಬೇಕು. ದೇಹವನ್ನ ಊರಿಗೇ ಕಳಿಸೋದಾ, ಇಲ್ಲೇ ಮಣ್ಣು ಮಾಡೋದಾ?"

ಪುಟ್ಟಲಿಂಗಮ್ಮ ನಗುತ್ತಲೇ ಇದ್ದಳು. ನಗು ಮುಖದ ಮೇಲಿಂದ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕೆಂದು ನಾನು ಆವತ್ತು ನೋಡಿದೆ. "ಯಾರ್ ದೇಹ?" ಎಂದಳು. ಮಾಲಾಗೆ ಆಗ ಅರ್ಥವಾಯಿತು. "ಅಮ್ಮಾ" ಎಂದು ಒಂದು ಸಲ ಅಂದಳು. ಅದು ಅವಳಿಗೆ ಅಂದದ್ದೋ ನನಗೆ ಅಂದದ್ದೋ. ಆಮೇಲೆ ನೆಟ್ಟಗೆ, ಕಲಿತ ಹಾಗೆ, ಹೆಸರು ಹೇಳಿ, ವಯಸ್ಸು ಹೇಳಿ, ಆದದ್ದನ್ನು ಹೇಳಿದಳು.

ಪುಟ್ಟಲಿಂಗಮ್ಮ ಎದೆ ಬಡಿದುಕೊಳ್ಳಲಿಲ್ಲ. ಫೋನನ್ನು ಹಿದುಕಿದ ಅವರೆಯ ಮೇಲೆ ಮೆಲ್ಲಗೆ ಇಟ್ಟಳು. ಗೋಡೆ ಹಿಡಿದುಕೊಂಡು ಕೂತಳು. ನಾನೂ ಕೂತೆ, ನಾನು ಬಂದದ್ದೇ ಅದಕ್ಕಲ್ಲವೇ. ಮುಟ್ಟಲು ಕೈ ಚಾಚಿದೆ, ಮುಟ್ಟಲಿಲ್ಲ. ಪಾತ್ರೆಯೊಳಗಿಂದ ನನ್ನ ಮಗಳು ಇದ್ದೀರಾ, ಇದ್ದೀರಾ ಎಂದು ಕೇಳುತ್ತಲೇ ಇದ್ದಳು. ಪುಟ್ಟಲಿಂಗಮ್ಮ ನನ್ನ ಕಡೆ ತಿರುಗಿದಳು. ಕಣ್ಣು ಒಣಗಿತ್ತು. ಬೈಯುವವಳ ಮುಖವಲ್ಲ ಅದು, ದಾರಿ ಕೇಳುವವಳ ಮುಖ.

"ರಜಾ ಆಯ್ತು ಅಂದ್ರಲ್ಲವ್ವ. ಆವಾಗ ನಿಮ್ಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದರೆ ಅವಳ ಕೈಯಲ್ಲಿ ಎಳ್ಳು ಬೆಲ್ಲ ಇಸಿದುಕೊಂಡು ತಿಂದ ನಾನು ಏನಾಗುತ್ತೇನೆ, ಯೋಚಿಸು. ಗೊತ್ತಿರಲಿಲ್ಲ ಎಂದರೆ ಆ ಸುಳ್ಳನ್ನು ಫೋನಿನ ಆ ಕಡೆಯಿಂದ ನನ್ನ ಮಗಳು ಕೇಳಿಸಿಕೊಳ್ಳುತ್ತಾಳೆ, ಅವಳು ತಿದ್ದಬೇಕೋ ಸುಮ್ಮನಿರಬೇಕೋ. ಇಬ್ಬರೂ ಕಾಯುತ್ತಿದ್ದರು, ಒಬ್ಬಳು ಎದುರಿಗೆ, ಒಬ್ಬಳು ಪಾತ್ರೆಯೊಳಗೆ. ಬಣ್ಣ ಕಟ್ಟದೆ, ಒಂದಕ್ಕೆ ಹತ್ತು ಸೇರಿಸದೆ ನಾನು ಒಂದೇ ಒಂದು ಮಾತು ಹೇಳಿದೆ. ಏನು ಹಾಗೆ ನೋಡುತ್ತೀಯ? ನನ್ನನ್ನು ಇಷ್ಟು ದಿನದಿಂದ ಬಲ್ಲವಳು ನೀನು. ಯಾವ ಮಾತು ಹೇಳಿರಬಹುದು, ನೀನೇ ಹೇಳು ನೋಡೋಣ.